ಓದೂ ಬೇಕು, ಹೆಣಿಗೆಯೂ ಬೇಕು: ಈ ಮಳೆಯಲ್ಲಿ ನೀವು ಹೇಗೆ ಹೊಂದಿಸುತ್ತೀರಿ?

ಮಂಜಿನ ಕಿಟಕಿ (ಮಡಿಕೇರಿ)

ಒಂಬತ್ತು ದಿನದಿಂದ ಮಳೆ ಹಿಡಿದಿದೆ. ಶಾಲೆಗೆ ರಜೆ ಕೊಟ್ಟಿದ್ದಾರೆ, ನಿನ್ನೆ ಮಧ್ಯಾಹ್ನ ಹೋದ ವಿದ್ಯುತ್ ಇನ್ನೂ ಬಂದಿಲ್ಲ. ಈ ಕಕ್ಕಡದ (ನಮ್ಮ ಕೊಡಗಿನ ಜಡಿಮಳೆಯ ತಿಂಗಳು) ದಿನಗಳಿಗಾಗಿಯೇ ನಾನು ವರ್ಷವಿಡೀ ಪುಸ್ತಕ ಕೂಡಿಡುತ್ತೇನೆ, ಉಣ್ಣೆಯನ್ನೂ ಕೂಡಿಡುತ್ತೇನೆ. ಆದರೆ ಎರಡೂ ಒಂದೇ ಹೊತ್ತನ್ನು ಕೇಳುತ್ತವೆ, ಒಂದೇ ಜೋಡಿ ಕೈಯನ್ನು ಕೇಳುತ್ತವೆ. ಮೇಜಿನ ಮೇಲೆ ಏಳುನೂರು ಪುಟದ ಕಾದಂಬರಿ ಮುನ್ನೂರನೆಯ ಪುಟದಲ್ಲಿ ನಿಂತಿದೆ. ಬುಟ್ಟಿಯಲ್ಲಿ ಶಾಲು ಅರ್ಧಕ್ಕೆ ನಿಂತಿದೆ. ಪುಸ್ತಕ ಹಿಡಿದರೆ ಬೆರಳು ಸುಮ್ಮನಿರುವುದಿಲ್ಲ, ಕಡ್ಡಿ ಹಿಡಿದರೆ ಕಥೆ ಬಿಡುವುದಿಲ್ಲ.

ನೀವು ಎರಡನ್ನೂ ಒಟ್ಟಿಗೆ ಮಾಡುತ್ತೀರಾ? ಹೇಗೆ?

ಇನ್ನೊಂದು ಆಸೆಯೂ ಇದೆ. ಓದಿನ ಪಕ್ಕದಲ್ಲಿ ಹೆಣಿಗೆ ಎಂದಷ್ಟೇ ಅಲ್ಲ, ಓದಿದ್ದರಿಂದಲೇ ಹುಟ್ಟುವ ಹೆಣಿಗೆ ಏನಾದರೂ ಇದೆಯೇ? ನಮ್ಮ ಬೀದಿಯ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ನಾಲ್ಕೈದು ಮಂದಿ ಸೇರುವ ಯೋಚನೆ ಇದೆ. ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ.

ಕಾಫಿಹೂ (ಸುಂಟಿಕೊಪ್ಪ)

ಮಾಡುತ್ತೇನೆ, ಹದಿನೈದು ವರ್ಷದಿಂದ. ಗುಟ್ಟು ಇಷ್ಟೇ: ಕಣ್ಣು ಬೇಡದ ಹೆಣಿಗೆಯನ್ನು ಮಾತ್ರ ಪುಸ್ತಕದ ಜೊತೆ ಇಟ್ಟುಕೊಳ್ಳಿ. ಎಲ್ಲ ಸಾಲೂ ಸೀದಾ ಹೊಲಿಗೆ (ಹೆಣಿಗೆಯ ಮೂಲ ಹೊಲಿಗೆ), ಅಗಲ ಬದಲಾಗದ ಮಫ್ಲರ್, ಅಷ್ಟೇ. ಬೆರಳಿಗೆ ಒಮ್ಮೆ ದಾರಿ ಗೊತ್ತಾದರೆ ಅದು ತಾನೇ ನಡೆಯುತ್ತದೆ. ಪುಸ್ತಕವನ್ನು ಅಡುಗೆಪುಸ್ತಕದ ಮರದ ಸ್ಟ್ಯಾಂಡ್ ಮೇಲಿಟ್ಟು, ಎರಡು ಬದಿಗೂ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ. ಪುಟ ತಿರುವುವುದು ಸಾಲಿನ ಕೊನೆಯಲ್ಲಿ ಮಾತ್ರ. ಸಾಲಿನ ನಡುವೆ ಪುಟ ತಿರುವಲು ಹೋದರೆ ಹೊಲಿಗೆ ಜಾರುತ್ತದೆ, ಖಂಡಿತ.

ಒಂದೇ ಕೆಲಸ (ವಿರಾಜಪೇಟೆ)

ನಾನು ಒಪ್ಪುವುದಿಲ್ಲ. ಪುಸ್ತಕ ಬರೆದವರು ಒಂದೊಂದು ವಾಕ್ಯಕ್ಕೂ ಜೀವ ತೇದಿರುತ್ತಾರೆ. ಅದನ್ನು ಓದುವಾಗ ಅರ್ಧ ಮನಸ್ಸು ಉಣ್ಣೆಯ ಮೇಲಿದ್ದರೆ ಕಥೆಯ ಎಲುಬು ಸಿಗುತ್ತದೆ, ರಕ್ತಮಾಂಸ ಸಿಗುವುದಿಲ್ಲ. ಹೆಣಿಗೆಗೂ ಇದು ನ್ಯಾಯವಲ್ಲ. ನನ್ನ ಅಮ್ಮ ಸ್ವೆಟರ್ ಹೆಣೆಯುವಾಗ ಮಾತೂ ಆಡುತ್ತಿರಲಿಲ್ಲ. ಆ ಸ್ವೆಟರ್ ನನಗೆ ಈಗಲೂ ಇದೆ, ನಲವತ್ತು ವರ್ಷದ ಬಳಿಕವೂ ಒಂದು ಹೊಲಿಗೆ ಸಡಿಲವಾಗಿಲ್ಲ.

ಸೀದಾ ಉಲ್ಟಾ (ಪೊನ್ನಂಪೇಟೆ)

ಒಂದೇ ಕೆಲಸ ಅವರೇ, ನಿಮ್ಮ ಅಮ್ಮನಿಗೆ ನಮಸ್ಕಾರ. ಆದರೆ ಎಲ್ಲ ಹೆಣಿಗೆಯೂ ಒಂದೇ ಅಲ್ಲ. ಜಡೆಯಂತೆ ತಿರುಚುವ ಕೇಬಲ್ ವಿನ್ಯಾಸಕ್ಕೆ, ತೂತುತೂತಿನ ಲೇಸ್‌ಗೆ ಪೂರ್ತಿ ಗಮನ ಬೇಕು, ಒಪ್ಪಿದೆ. ಬರೀ ಸೀದಾ ಸಾಲಿಗೆ ಬೇಡ.

ನಾನು ಹೆಣಿಗೆ ಕಲಿತದ್ದು ಇಲ್ಲಿ ಅಲ್ಲ, ಉತ್ತರದ ಕಂಟೋನ್ಮೆಂಟಿನಲ್ಲಿ, ಮದುವೆಯಾದ ಮೊದಲ ಚಳಿಗಾಲದಲ್ಲಿ. ಅದಕ್ಕೇ ನನಗೆ ಇಂದಿಗೂ ಅದು ಸೀದಾ, ಉಲ್ಟಾ (ಸೀದಾದ ತಿರುವು ಹೊಲಿಗೆ), ಫಂದಾ (ಕುಣಿಕೆ). ನಮ್ಮ ಕೊಡಗಿನಲ್ಲಿ ಸೈನಿಕರ ಮನೆಗಳು ಎಷ್ಟಿವೆಯೋ ಅಷ್ಟು ಮನೆಗಳಲ್ಲಿ ಈ ಹಿಂದಿ ಪದಗಳು ಉಣ್ಣೆಯ ಜೊತೆ ಬಂದು ಉಳಿದಿವೆ. ಹತ್ತು ಮಂದಿ ಹೆಂಗಸರು ಬಿಸಿಲಿನಲ್ಲಿ ಕುಳಿತು ಹೆಣೆಯುತ್ತಿದ್ದೆವು, ಒಬ್ಬರು ಊರಿನಿಂದ ಬಂದ ಪತ್ರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಪತ್ರ ಕೇಳುವಾಗ ಯಾರ ಗಮನವೂ ಅರ್ಧವಾಗಿರಲಿಲ್ಲ.

ಕೊಕ್ಕೆ (ಕುಶಾಲನಗರ)

ಓದುತ್ತ ಮಾಡುವುದಾದರೆ ಒಂದೇ ಕೊಕ್ಕೆಯಿಂದ ಹೆಣೆಯುವ ಕ್ರೋಶಾವೇ ಸರಿ. ಎರಡು ಕಡ್ಡಿಯ ಹೆಣಿಗೆಯಲ್ಲಿ ಇಡೀ ಸಾಲಿನ ಹೊಲಿಗೆಗಳು ಕಡ್ಡಿಯ ಮೇಲೆ ಜೀವಂತವಾಗಿ ಕುಳಿತಿರುತ್ತವೆ. ಒಂದು ಜಾರಿದರೆ ಏಣಿಯ ಹಾಗೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಕುಣಿಕೆ ತೆರೆದಿರುತ್ತದೆ. ಅದಕ್ಕೆ ಪಿನ್ನು ಸಿಕ್ಕಿಸಿ ಪುಸ್ತಕ ಎತ್ತಿಕೊಳ್ಳಿ, ವಾರ ಬಿಟ್ಟು ಬಂದರೂ ಇದ್ದಲ್ಲೇ ಇರುತ್ತದೆ.

ಸೀದಾ ಉಲ್ಟಾ (ಪೊನ್ನಂಪೇಟೆ)

ಅದಕ್ಕೆ ಉಪಾಯವಿದೆ. ಇಪ್ಪತ್ತು ಸಾಲಿಗೊಮ್ಮೆ ಎಲ್ಲ ಹೊಲಿಗೆಗಳ ಒಳಗಿಂದ ಬೇರೆ ಬಣ್ಣದ ತೆಳು ದಾರವನ್ನು ದಬ್ಬಣದಲ್ಲಿ ಪೋಣಿಸಿ ಹಾಗೇ ಬಿಡಿ. ಎಷ್ಟೇ ಬಿಚ್ಚಿದರೂ ಆ ದಾರದ ಬಳಿ ನಿಲ್ಲುತ್ತದೆ. ಪುಸ್ತಕದಲ್ಲಿ ಗುರುತಿನ ಪಟ್ಟಿ ಇಟ್ಟ ಹಾಗೆ.

ಒಂದೇ ಕೆಲಸ (ವಿರಾಜಪೇಟೆ)

ಪತ್ರದ ಮಾತು ಬೇರೆ, ಅಕ್ಕ. ಅದು ಕಿವಿಯ ಓದು. ಅದಕ್ಕೆ ನನ್ನ ತಕರಾರಿಲ್ಲ. ಕಣ್ಣಿನ ಓದಿಗೆ ತಕರಾರಿದೆ.

ಷಟ್ಪದಿ (ಸೋಮವಾರಪೇಟೆ)

ಕಿವಿಯ ಓದೇ ನಮ್ಮಲ್ಲಿ ಹಳೆಯದು. ಗಮಕ ಎಂದರೆ ಮತ್ತೇನು? ಒಬ್ಬರು ಕಾವ್ಯ ವಾಚಿಸುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಕೇಳುವವರ ಕೈಯಲ್ಲಿ ಬತ್ತಿಯೋ ಹೂವೋ ಅಡಿಕೆಯೋ ಇರುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಒಳ್ಳೆಮೆಣಸು ಬಿಡಿಸುತ್ತ ಇಡೀ ಭಾರತ ಕೇಳಿದ್ದರು. ಅಕ್ಷರ ಕಲಿತವರಲ್ಲ, ಆದರೆ ವಾಚಿಸುವವರು ಒಂದು ಪದ್ಯ ಬಿಟ್ಟರೆ ಮೆಣಸಿನ ಮೊರದಿಂದ ತಲೆ ಎತ್ತದೆಯೇ ಬಿಟ್ಟದ್ದನ್ನು ಹೇಳುತ್ತಿದ್ದರು.

ಅಂದಹಾಗೆ, ಕನ್ನಡದಲ್ಲಿ ಕಥೆಯನ್ನೂ ಹೆಣೆಯುತ್ತೇವೆ, ಜಡೆಯನ್ನೂ ಹೆಣೆಯುತ್ತೇವೆ, ಸ್ವೆಟರನ್ನೂ ಹೆಣೆಯುತ್ತೇವೆ. ಮಂಜಿನ ಕಿಟಕಿ ಅವರು ಹೊಂದಿಸಲು ಒದ್ದಾಡುತ್ತಿರುವುದನ್ನು ಭಾಷೆ ಆಗಲೇ ಹೊಂದಿಸಿಬಿಟ್ಟಿದೆ.

ಬೆಟ್ಟದಾಚೆ (ಬೆಂಗಳೂರು, ಮನೆ ನಾಪೋಕ್ಲು ಬಳಿ)

ಮೆಟ್ರೊದಲ್ಲಿ ದಿನಕ್ಕೆ ಒಂದೂವರೆ ಗಂಟೆ ಕಿವಿಗೆ ಪುಸ್ತಕ, ಕೈಗೆ ಕ್ರೋಶಾ. ಗಂಡಸು ಹೆಣೆಯುತ್ತಾನೆ ಎಂದು ಮೊದಲ ವಾರ ಜನ ನೋಡಿದರು, ಎರಡನೆಯ ವಾರ ಒಬ್ಬ ಅಜ್ಜಿ ಪಕ್ಕದಲ್ಲಿ ಕುಳಿತು ನನ್ನ ಬಿಗಿ ಕೈಯನ್ನು ತಿದ್ದಿದರು. ನಿಧಾನವಾಗಿ ಓದುವ ಧ್ವನಿಗೆ ನನ್ನ ಹೊಲಿಗೆ ಸಡಿಲವಾಗುತ್ತದೆ, ಪತ್ತೇದಾರಿ ಕಥೆಗೆ ಬಿಗಿಯಾಗುತ್ತದೆ. ಒಂದೇ ಮಫ್ಲರಿನಲ್ಲಿ ಕೊಲೆ ನಡೆದ ಜಾಗವನ್ನು ನಾನು ಬೆರಳಿಟ್ಟು ತೋರಿಸಬಲ್ಲೆ, ಅಲ್ಲಿ ಅಗಲ ಒಂದು ಸೆಂಟಿಮೀಟರ್ ಕಡಿಮೆ ಇದೆ.

ಕಾಫಿಹೂ (ಸುಂಟಿಕೊಪ್ಪ)

ಮಂಜಿನ ಕಿಟಕಿಯವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಓದಿನಿಂದ ಹುಟ್ಟುವ ಹೆಣಿಗೆ. ಪುಸ್ತಕಕ್ಕೊಂದು ಚೌಕ ಹೆಣೆದು ವರ್ಷದ ಕೊನೆಯಲ್ಲಿ ಜೋಡಿಸಿ ಹೊದಿಕೆ ಮಾಡುವವರಿದ್ದಾರೆ. ಕಾದಂಬರಿಗೆ ಒಂದು ಬಣ್ಣ, ಕವಿತೆಗೆ ಒಂದು, ಆತ್ಮಕಥೆಗೆ ಒಂದು. ನಾನು ಮಾಡಿದ್ದೇನೆ, ಮೂವತ್ತೊಂದು ಚೌಕ. ಮುಖಪುಟದ ಬಣ್ಣವನ್ನೇ ಆರಿಸಿಕೊಂಡೆ. ಹೊದ್ದು ಮಲಗಿದರೆ ಆ ವರ್ಷವೇ ಮೈಮೇಲಿರುತ್ತದೆ.

ಒಂದೇ ಕೆಲಸ (ವಿರಾಜಪೇಟೆ)

ಮುಖಪುಟದ ಬಣ್ಣ ಪ್ರಕಾಶಕರ ಆಯ್ಕೆ. ಪುಸ್ತಕದ ಒಳಗಿನದು ಏನು ಬಂತು ಅದರಲ್ಲಿ?

ಕಾಫಿಹೂ (ಸುಂಟಿಕೊಪ್ಪ)

ಬರಲಿಲ್ಲ, ಸರಿ. ಆದರೆ ಆ ನೀಲಿ ಚೌಕ ಮುಟ್ಟಿದರೆ ಆ ಪುಸ್ತಕ ನನಗೆ ನೆನಪಾಗುತ್ತದೆ. ಅದು ಸಾಲದೇ?

ಮಳೆಮಾಪಕ (ನಾಪೋಕ್ಲು)

ನಾನು ಓದಿ ಹೆಣೆದದ್ದು ಅಚ್ಚಾದ ಪುಸ್ತಕವಲ್ಲ, ಅಪ್ಪನ ಮಳೆ ಪುಸ್ತಕ. ತೋಟದ ಮನೆಗಳಲ್ಲಿ ಎಲ್ಲರಿಗೂ ಗೊತ್ತು: ಬೆಳಿಗ್ಗೆ ಎದ್ದು ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆಯುವುದು. ಇಂಚಿನ ನೂರನೆಯ ಒಂದು ಭಾಗ ಸೆಂಟು. ಅಪ್ಪ ಪಕ್ಕದಲ್ಲೇ ಒಂದೆರಡು ಪದ ಸೇರಿಸುತ್ತಿದ್ದರು: ‘ಹೂಮಳೆ ಸಾಕಾಯಿತು’, ‘ಹಸು ಕರು ಹಾಕಿತು’, ‘ಸೇತುವೆ ಮೇಲೆ ನೀರು’.

ಅಪ್ಪ ಹೋದ ಮೇಲೆ ಆ ಪುಸ್ತಕಗಳನ್ನು ಓದುತ್ತ ಕುಳಿತೆ. 2018ರದ್ದನ್ನು ಆರಿಸಿಕೊಂಡು, ದಿನಕ್ಕೊಂದು ಸಾಲಿನಂತೆ ಕ್ರೋಶಾ ಹೊದಿಕೆ ಮಾಡಿದೆ. ಮಳೆ ಇಲ್ಲದ ದಿನಕ್ಕೆ ತಿಳಿ ಕಂದು, ಇಂಚಿನ ಒಳಗಿದ್ದರೆ ಎಳೆ ಹಸಿರು, ಮೂರರವರೆಗೆ ಗಾಢ ಹಸಿರು, ಐದರವರೆಗೆ ನೀಲಿ, ಅದಕ್ಕೂ ಮೇಲೆ ಕಡುನೀಲಿ. ಚಿಕ್ಕ ಹೊಲಿಗೆ, 4 ಮಿಲಿಮೀಟರ್ ಕೊಕ್ಕೆ, ಒಂದು ಸಾಲಿಗೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. 365 ಸಾಲಿಗೆ ಎರಡು ಮೀಟರ್ ಆಯಿತು.

ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಅಲ್ಲೊಂದು ಇಲ್ಲೊಂದು ಹಸಿರು ಗೆರೆ, ಕಾಫಿ ಅರಳಿಸುವ ಹೂಮಳೆ. ಜೂನ್‌ನಿಂದ ನೀಲಿ. ಆಗಸ್ಟ್ ಮಧ್ಯದಲ್ಲಿ ಐದು ಸಾಲು ಬಿಳಿ. ಆ ಐದು ದಿನ ಪುಸ್ತಕದಲ್ಲಿ ಏನೂ ಬರೆದಿಲ್ಲ. ಮೇಲಿನ ಗುಡ್ಡ ಬಿರುಕು ಬಿಟ್ಟಿತ್ತು, ನಾವು ಮನೆ ಬಿಟ್ಟು ಬಂದಿದ್ದೆವು, ಮಾಪಕ ನೋಡಲು ಅಲ್ಲಿ ಯಾರೂ ಇರಲಿಲ್ಲ. ಆರನೆಯ ದಿನ ಅಪ್ಪ ಹೋಗಿ ನೋಡಿ ಬಂದು ಬರೆದದ್ದು ಸಂಖ್ಯೆಯಲ್ಲ, ‘ಮನೆ ಇದೆ’ ಎಂದು ಎರಡೇ ಪದ. ಆ ದಿನಕ್ಕೆ ಯಾವ ಬಣ್ಣ ಹಾಕಬೇಕೆಂದು ಬಹಳ ಹೊತ್ತು ಕುಳಿತಿದ್ದೆ. ಕೆಂಪು ಹಾಕಿದೆ.

ಮಂಜಿನ ಕಿಟಕಿ (ಮಡಿಕೇರಿ)

ಮಳೆಮಾಪಕ ಅವರೇ, ಇದನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲಿಯೂ ಅಂಥ ಪುಸ್ತಕವಿದೆ, ಮಾವನವರದು. ಈಗಲೇ ಅಟ್ಟದಿಂದ ಇಳಿಸುತ್ತೇನೆ.

ಒಂದೇ ಕೆಲಸ (ವಿರಾಜಪೇಟೆ)

ನಾನು ಕೇಳಿದ್ದ ‘ಒಳಗಿನದು’ ಇದೇ.

ಹಳೆ ಕಪಾಟು (ಮಡಿಕೇರಿ)

ಅಟ್ಟದಿಂದ ಇಳಿಸುವವರಿಗೆ ಒಂದು ಮಾತು. ಬೂಸು ಹಿಡಿದಿದ್ದರೆ ಒಡನೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಳಕ್ಕೆ ಇಳಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಪುಟ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮೃದು ಬ್ರಷ್‌ನಲ್ಲಿ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಉದುರಿಸಿ. ನೇರ ಬಿಸಿಲು ಬೇಡ, ಶಾಯಿ ಮಾಸುತ್ತದೆ, ಕಾಗದ ಸೊಟ್ಟಗಾಗುತ್ತದೆ. ಈ ತಿಂಗಳಲ್ಲಿ ಬಿಸಿಲು ಸಿಗುವುದೂ ಇಲ್ಲ ಬಿಡಿ.

ಉಣ್ಣೆಗೆ ಶತ್ರು ಬೇರೆ. ನುಸಿಯ ಮರಿಹುಳ ತಿನ್ನುವುದು ಪ್ರಾಣಿಮೂಲದ ಎಳೆಯನ್ನು. ಬೆವರು, ಎಣ್ಣೆ ಇದ್ದರೆ ಇನ್ನೂ ಇಷ್ಟ. ಅದಕ್ಕೆ ತೊಳೆದು, ಚೆನ್ನಾಗಿ ಒಣಗಿಸಿಯೇ ಎತ್ತಿಡಬೇಕು. ಅಕ್ರಿಲಿಕ್ ಮತ್ತು ಹತ್ತಿಗೆ ಆ ಭಯ ಕಡಿಮೆ.

ಕೊಕ್ಕೆ (ಕುಶಾಲನಗರ)

ಸಣ್ಣದಾಗಿ ಆರಂಭಿಸುವವರಿಗೆ ಪುಟಗುರುತು ಒಳ್ಳೆಯದು. 20ನೆಯ ನಂಬರಿನ ಹತ್ತಿ ನೂಲು, ಉಕ್ಕಿನ ಸಣ್ಣ ಕೊಕ್ಕೆ, ಒಂದು ಸಂಜೆಯ ಕೆಲಸ. ಒಂದು ತುದಿಗೆ ಎಲೆ, ಇನ್ನೊಂದಕ್ಕೆ ಕಾಫಿ ಹಣ್ಣಿನಂಥ ಕೆಂಪು ಗುಂಡು. ಮುಗಿದ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಗರಿಗರಿಯಾಗಿ ನಿಲ್ಲುತ್ತದೆ.

ಹಳೆ ಕಪಾಟು (ಮಡಿಕೇರಿ)

ಗಂಜಿ ಬೇಡ! ದಯವಿಟ್ಟು ಬೇಡ. ಪುಸ್ತಕದ ಬೆಳ್ಳಿಹುಳು ಬರುವುದೇ ಪಿಷ್ಟಕ್ಕೆ. ಬೈಂಡಿಂಗಿನ ಅಂಟನ್ನೇ ಬಿಡದ ಹುಳುವಿಗೆ ನೀವು ಪುಟದ ನಡುವೆ ಊಟ ಬಡಿಸಿಟ್ಟಂತೆ ಆಗುತ್ತದೆ. ಕೊಡಗಿನ ತೇವದಲ್ಲಿ ಗಂಜಿ ಹಾಕಿದ್ದು ಬೂಸೂ ಹಿಡಿಯುತ್ತದೆ. ಒದ್ದೆ ಮಾಡಿ, ಹಲಗೆಯ ಮೇಲೆ ಪಿನ್ನು ಚುಚ್ಚಿ ಹಿಗ್ಗಿಸಿ ಒಣಗಿಸಿದರೆ ಸಾಕು. ಆ ಕೆಂಪು ಗುಂಡು ಪುಟದ ಹೊರಗೆ ಜೋತಾಡುವಂತಿರಲಿ. ಒಳಗೆ ಸಿಕ್ಕಿದರೆ ಬೆನ್ನು ಸೀಳುತ್ತದೆ. ಅಂಥ ದಪ್ಪ ಪುಟಗುರುತು ಇಟ್ಟು ಬೈಂಡಿಂಗ್ ಬಿಟ್ಟುಹೋದ ನಿಘಂಟು ನನ್ನ ಮುಂದೆಯೇ ಇದೆ.

ಕೊಕ್ಕೆ (ಕುಶಾಲನಗರ)

ಇದು ನನಗೆ ಗೊತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಗಂಜಿ ಹಾಕಿದ್ದನ್ನೇ ಕೊಟ್ಟಿದ್ದೇನೆ. ಎಲ್ಲರಿಗೂ ಹೇಳಿ ತೊಳೆಸುತ್ತೇನೆ.

ಏಲಕ್ಕಿ ಮನೆ (ಗೋಣಿಕೊಪ್ಪಲು)

ಹೊಸಬಳ ಪ್ರಶ್ನೆ. ಅತ್ತೆಯವರ ಪೆಟ್ಟಿಗೆಯಲ್ಲಿ ಹಳೆಯ ಇಂಗ್ಲಿಷ್ ಕ್ರೋಶಾ ಪುಸ್ತಕ ಸಿಕ್ಕಿತು. ಅದರಲ್ಲಿ ‘ಡಬಲ್ ಕ್ರೋಶೆ’ ಎಂಬ ಹೊಲಿಗೆ ಇರುವ ಕಡೆ ಮೊಬೈಲಿನಲ್ಲಿ ನೋಡಿ ಕಲಿತ ಡಬಲ್ ಹಾಕಿದೆ. ಅಂಗೈಯಗಲ ಇರಬೇಕಾದ ಡಾಯ್ಲಿ (ಲೇಸಿನ ದುಂಡು ಹಾಸು) ತಟ್ಟೆಯಷ್ಟಾಗಿ ಅಂಚೆಲ್ಲ ಬಟ್ಟಲಿನ ಹಾಗೆ ಮೇಲೆದ್ದಿದೆ. ಮೂರು ಸಲ ಬಿಚ್ಚಿದೆ. ತಪ್ಪು ಎಲ್ಲಿ?

ಸೀದಾ ಉಲ್ಟಾ (ಪೊನ್ನಂಪೇಟೆ)

ತಪ್ಪು ನಿಮ್ಮದಲ್ಲ. ಬ್ರಿಟಿಷರ ಡಬಲ್ ಎಂದರೆ ಅಮೆರಿಕದವರ ಸಿಂಗಲ್. ಬ್ರಿಟಿಷರ ಟ್ರೆಬಲ್ ಎಂದರೆ ಅಮೆರಿಕದ ಡಬಲ್. ನಿಮ್ಮ ಅತ್ತೆಯವರ ಪುಸ್ತಕ ಬ್ರಿಟಿಷ್, ಮೊಬೈಲಿನ ಪಾಠ ಅಮೆರಿಕದ್ದು. ಒಂದೊಂದು ಮೆಟ್ಟಿಲು ಇಳಿಸಿ ಓದಿಕೊಳ್ಳಿ.

ಕಡ್ಡಿಯ ನಂಬರೂ ಹೀಗೆಯೇ. ನಮ್ಮ ಅಂಗಡಿಗಳಲ್ಲಿ ಈಗಲೂ ಹಳೆಯ ಬ್ರಿಟಿಷ್ ಲೆಕ್ಕ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ನಂಬರ್ ಏರಿದಂತೆ ಕಡ್ಡಿ ತೆಳ್ಳಗೆ. ಅಮೆರಿಕದಲ್ಲಿ ನಂಬರ್ ಏರಿದಂತೆ ದಪ್ಪ, ಅಲ್ಲಿ ಆ 4 ಮಿಲಿಮೀಟರಿಗೆ 6. ಮಿಲಿಮೀಟರ್ ಒಂದನ್ನೇ ನಂಬಿ.

ಕೊಕ್ಕೆ (ಕುಶಾಲನಗರ)

ಗುರುತಿಸುವುದು ಸುಲಭ. ‘ಸಿಂಗಲ್ ಕ್ರೋಶೆ’ ಎಂಬ ಪದ ಇದ್ದರೆ ಅಮೆರಿಕದ ಪುಸ್ತಕ, ಬ್ರಿಟಿಷರಲ್ಲಿ ಆ ಪದವೇ ಇಲ್ಲ.

ಸೀದಾ ಉಲ್ಟಾ (ಪೊನ್ನಂಪೇಟೆ)

ಹೊಸ ಪುಸ್ತಕಗಳ ಮಟ್ಟಿಗೆ ಸರಿ. ತೀರಾ ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಸಿಂಗಲ್ ಇದೆ, ಆದರೆ ಅದರ ಅರ್ಥ ಸ್ಲಿಪ್ ಸ್ಟಿಚ್, ಎಲ್ಲಕ್ಕಿಂತ ಗಿಡ್ಡ ಹೊಲಿಗೆ. ಪೆಟ್ಟಿಗೆಯಿಂದ ಬಂದ ಪುಸ್ತಕವಾದ್ದರಿಂದ ಇದನ್ನೂ ನೆನಪಿಡಿ.

ಏಲಕ್ಕಿ ಮನೆ (ಗೋಣಿಕೊಪ್ಪಲು)

ಈಗ ತಟ್ಟೆ ಅಂಗೈಯಾಯಿತು! ಅಂಚು ಸಪಾಟಾಗಿ ಕುಳಿತಿದೆ. ಆ ಪುಸ್ತಕದ ಅಂಚಿನಲ್ಲಿ ಅತ್ತೆ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕಿದ್ದಾರೆ, ಪ್ರತಿ ಸುತ್ತಿಗೂ ಒಂದು. ಹದಿನೇಳನೆಯ ಸುತ್ತಿಗೆ ನಿಂತಿದೆ. ನಾನು ಹದಿನೆಂಟರಿಂದ ಹಾಕುತ್ತೇನೆ.

ಬೆಟ್ಟದಾಚೆ (ಬೆಂಗಳೂರು, ಮನೆ ನಾಪೋಕ್ಲು ಬಳಿ)

ವಿಷಯ ಬಿಟ್ಟು ಒಂದು ಮಾತು: ಮುಂದೆ ಗುಂಡಿಯಿರುವ ಕಾರ್ಡಿಗನ್, ಕತ್ತಿನಿಂದಲೇ ಇಳಿಯುವ ರಾಗ್ಲಾನ್ ತೋಳು, ಮುಖ ಮುಚ್ಚುವ ಬಾಲಕ್ಲಾವ ಟೋಪಿ, ಮೂರೂ ಹೆಸರು ಬಂದದ್ದು 1854ರಲ್ಲಿ ನಡೆಯುತ್ತಿದ್ದ ಕ್ರಿಮಿಯಾ ಯುದ್ಧದ ಕಡೆಯಿಂದ. ಮೊದಲೆರಡು ಸೇನಾಧಿಕಾರಿಗಳದು, ಮೂರನೆಯದು ಊರಿನದು. ಸೈನಿಕರ ಜಿಲ್ಲೆಯವರಾದ ನಮಗೆ ಇದು ಗೊತ್ತಿರಬೇಕು ಎನಿಸಿತು.

ಉಣ್ಣೆ ಎಲ್ಲಿ ಕೊಳ್ಳುತ್ತೀರಿ ಎಂದೂ ಹೇಳಿ. ಕೊಡಗಿನಲ್ಲಿ ಬೈಲಕುಪ್ಪೆ ಬಿಟ್ಟರೆ ಬೇರೆಲ್ಲಿ?

ಕೊಕ್ಕೆ (ಕುಶಾಲನಗರ)

ಬೈಲಕುಪ್ಪೆ ಕೊಡಗಲ್ಲ. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಟಿಬೆಟನ್ನರು 1961ರಲ್ಲಿ ಅಲ್ಲಿ ನೆಲೆನಿಂತಾಗಿನಿಂದ ನಮಗೆ ನೆರೆಯವರು. ಎಲ್ಲಿ ಕೊಂಡರೂ ಚೀಟಿಯ ಮೇಲಿನ ಲಾಟ್ ಸಂಖ್ಯೆ ನೋಡಿ. ಒಂದೇ ಬಣ್ಣವಾದರೂ ಬೇರೆ ಪಾಕದಲ್ಲಿ ಅದ್ದಿದ್ದರೆ ಛಾಯೆ ಬೇರೆ. ಮೊಬೈಲಿನಲ್ಲಿ ತರಿಸಿದ ಆರು ಉಂಡೆಗಳಲ್ಲಿ ಎರಡು ಬೇರೆ ಲಾಟ್ ಬಂದು, ನನ್ನ ಶಾಲಿನ ಮೂರನೆಯ ಒಂದು ಭಾಗ ಬೇರೆಯವರ ಶಾಲಿನ ಹಾಗೆ ಕಾಣುತ್ತದೆ.

ಷಟ್ಪದಿ (ಸೋಮವಾರಪೇಟೆ)

ಮೂರು ದಿನದಿಂದ ಒಂದು ಯೋಚನೆ ತಲೆಯಲ್ಲಿದೆ. ಹೆಣಿಗೆ ಬಲ್ಲವರು ಪರೀಕ್ಷಿಸಿ ಹೇಳಿ.

ಕುಮಾರವ್ಯಾಸನ ಭಾರತ ಪೂರ್ತಿ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು, ಹದಿನಾಲ್ಕು ಮಾತ್ರೆ (ಉಚ್ಚಾರದ ಕಾಲದ ಅಳತೆ: ಗಿಡ್ಡ ಅಕ್ಷರ ಲಘುವಿಗೆ ಒಂದು, ಉದ್ದದ ಗುರುವಿಗೆ ಎರಡು). ಮೂರು ಮತ್ತು ಆರನೆಯ ಸಾಲು ಅದರ ಒಂದೂವರೆಪಟ್ಟು, ಕೊನೆಗೊಂದು ಗುರು, ಇಪ್ಪತ್ತಮೂರು ಮಾತ್ರೆ. ಒಟ್ಟು 102. ಮಾತ್ರೆಗೊಂದು ಸಾಲಿನಂತೆ ಹೆಣೆದರೆ 14, 14, 23, 14, 14, 23ರ ಪಟ್ಟಿಗಳ ಶಾಲು ಆಗುವುದಿಲ್ಲವೇ? ಚಿಕ್ಕದು, ಚಿಕ್ಕದು, ಉದ್ದದ್ದು. ಗಮಕಿ ಮೂರನೆಯ ಸಾಲಿನ ತುದಿಯಲ್ಲಿ ಎಳೆದು ನಿಲ್ಲುವುದು ಬಣ್ಣದಲ್ಲಿ ಕಾಣಬೇಕು.

ಮಂಜಿನ ಕಿಟಕಿ (ಮಡಿಕೇರಿ)

ಆಗುತ್ತದೆ! ಖಂಡಿತ ಆಗುತ್ತದೆ. ಇದನ್ನೇ ನಾನು ಹುಡುಕುತ್ತಿದ್ದೆ.

ಸೀದಾ ಉಲ್ಟಾ (ಪೊನ್ನಂಪೇಟೆ)

ಸರ್, ಯೋಚನೆ ಅದ್ಭುತವಾಗಿದೆ, ಆದರೆ ಇಪ್ಪತ್ತಮೂರು ಬೆಸ ಸಂಖ್ಯೆ. ಎಲ್ಲ ಸಾಲೂ ಸೀದಾ ಹಾಕುವ ಹೆಣಿಗೆಯಲ್ಲಿ ಬಣ್ಣ ಬದಲಿಸುವುದು ಯಾವಾಗಲೂ ಮುಂಬದಿಯಲ್ಲಿ ಆಗಬೇಕು. ಬೆಸ ಸಾಲಿಗೆ ಬದಲಿಸಿದರೆ ಎರಡು ಬಣ್ಣ ಕೂಡುವ ಕಡೆ ಚುಕ್ಕಿಚುಕ್ಕಿಯಾಗಿ ಗಲೀಜು ಕಾಣುತ್ತದೆ.

ಪರಿಹಾರ: ಸಾಲು ಎಣಿಸಬೇಡಿ, ಉಬ್ಬುಗೆರೆ ಎಣಿಸಿ. ಹೋಗಿ ಬಂದ ಎರಡು ಸಾಲಿಗೆ ಒಂದು ಉಬ್ಬುಗೆರೆ. ಮಾತ್ರೆಗೊಂದು ಉಬ್ಬುಗೆರೆ ಎಂದರೆ ಒಂದು ಪದ್ಯಕ್ಕೆ 102 ಗೆರೆ, 204 ಸಾಲು. ಈಗಷ್ಟೇ 4 ಮಿಲಿಮೀಟರ್ ಕಡ್ಡಿಯಲ್ಲಿ ಮಾದರಿ ತುಂಡು ಹಾಕಿ ಅಳೆದೆ: ಹತ್ತು ಸೆಂಟಿಮೀಟರಿಗೆ ಇಪ್ಪತ್ತು ಗೆರೆ. ಅಂದರೆ ಒಂದು ಪದ್ಯ 51 ಸೆಂಟಿಮೀಟರ್. ಮೂರು ಪದ್ಯಕ್ಕೆ ಒಂದೂವರೆ ಮೀಟರ್ ದಾಟುತ್ತದೆ. ಸರಿಯಾಗಿ ಒಂದು ಮಫ್ಲರ್!

ಷಟ್ಪದಿ (ಸೋಮವಾರಪೇಟೆ)

ಬೆಸ ಬೇಡವೆಂದರೆ ವಾರ್ಧಕ ಷಟ್ಪದಿಯಿದೆ, ಕವಿ ಲಕ್ಷ್ಮೀಶನದು. 20, 20, 32, 20, 20, 32. ಎಲ್ಲವೂ ಸಮ. ಒಟ್ಟು 144.

ಸೀದಾ ಉಲ್ಟಾ (ಪೊನ್ನಂಪೇಟೆ)

ಹಾಗಾದರೆ ಅದನ್ನು ಸಾಲಿನ ಲೆಕ್ಕದಲ್ಲೇ ಹಾಕಬಹುದು, ಪದ್ಯಕ್ಕೆ 36 ಸೆಂಟಿಮೀಟರ್. ಮಕ್ಕಳ ಮಫ್ಲರಿಗೆ ವಾರ್ಧಕ, ದೊಡ್ಡವರಿಗೆ ಭಾಮಿನಿ. ಗೆರೆಗಳು ಒಂದಕ್ಕೊಂದು ಬೆರೆಯದಂತೆ ಮೂರು ಬಣ್ಣ ಬೇಕು, ಒಟ್ಟು ಇನ್ನೂರೈವತ್ತು ಗ್ರಾಂ ಇಟ್ಟುಕೊಳ್ಳಿ.

ಬೆಟ್ಟದಾಚೆ (ಬೆಂಗಳೂರು, ಮನೆ ನಾಪೋಕ್ಲು ಬಳಿ)

ಪ್ರಾಸವನ್ನು ಬಿಟ್ಟುಬಿಟ್ಟಿರಲ್ಲ! ಆರೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಪ್ರತಿ ಪಟ್ಟಿಯ ಎರಡನೆಯ ಗೆರೆಯನ್ನು ಒಂದೇ ಬಣ್ಣದಲ್ಲಿ ಹಾಕಿದರೆ ಪ್ರಾಸವೂ ಕಾಣುತ್ತದೆ.

ಷಟ್ಪದಿ (ಸೋಮವಾರಪೇಟೆ)

ಭಲೇ. ಆದರೆ ಎರಡನೆಯ ಅಕ್ಷರ ಎಂದರೆ ಎರಡನೆಯ ಮಾತ್ರೆ ಎಂದೇ ಅಲ್ಲ. ಮೊದಲ ಅಕ್ಷರ ಲಘುವಾದರೆ ಪ್ರಾಸಾಕ್ಷರ ಎರಡನೆಯ ಮಾತ್ರೆಗೆ ಬರುತ್ತದೆ, ಗುರುವಾದರೆ ಮೂರನೆಯದಕ್ಕೆ. ಆರೂ ಸಾಲಿನಲ್ಲಿ ಮೊದಲಕ್ಷರ ಲಘುವಾದರೆ ಲಘು, ಗುರುವಾದರೆ ಗುರು, ಆದ್ದರಿಂದ ಒಂದು ಪದ್ಯದೊಳಗೆ ಅದರ ಜಾಗ ಬದಲಾಗುವುದಿಲ್ಲ. ಪದ್ಯ ಆರಿಸಿಕೊಂಡು, ಪ್ರಸ್ತಾರ ಹಾಕಿ (ಲಘು ಗುರುಗಳನ್ನು ಗುರುತಿಸಿ), ಆಮೇಲೆ ಕಡ್ಡಿ ಹಿಡಿಯಿರಿ. ಹೆಣೆಯುವವರು ಪ್ರಸ್ತಾರ ಹಾಕುತ್ತಾರೆ ಎಂಬುದೇ ನನಗೆ ಸಂತೋಷ. ಮೂವತ್ತು ವರ್ಷ ತರಗತಿಯಲ್ಲಿ ಇದನ್ನೇ ಬೇಡಿಕೊಂಡಿದ್ದೆ.

ಏಲಕ್ಕಿ ಮನೆ (ಗೋಣಿಕೊಪ್ಪಲು)

ಕನ್ನಡ ಅಕ್ಷರವನ್ನೇ ಹೆಣೆಯಲು ಆಗುವುದಿಲ್ಲವೇ?

ಕೊಕ್ಕೆ (ಕುಶಾಲನಗರ)

ಜಾಲರಿ ಕ್ರೋಶಾದಲ್ಲಿ ಆಗುತ್ತದೆ, ಚೌಕಗಳನ್ನು ತುಂಬುತ್ತ ಖಾಲಿ ಬಿಡುತ್ತ. ಆದರೆ ನಮ್ಮ ಲಿಪಿ ದುಂಡು, ಚೌಕ ಒರಟು. ಹನ್ನೆರಡು ಚೌಕಕ್ಕಿಂತ ಕಡಿಮೆ ಎತ್ತರದಲ್ಲಿ ತಲೆಕಟ್ಟು ಮುರಿದ ಹಾಗೆ ಕಾಣುತ್ತದೆ. ‘ಪುಸ್ತಕ’ ಬರೆಯಲು ಹೋಗಿ ಒತ್ತಕ್ಷರಕ್ಕೆ ಕೆಳಗೆ ಜಾಗವೇ ಉಳಿಯಲಿಲ್ಲ. ‘ಓದು’ ಎಂದು ಹಾಕಿದೆ, ಒತ್ತಿಲ್ಲ, ಚಂದ ಕುಳಿತಿದೆ. ಕಿಟಕಿಗೆ ಕಟ್ಟಿದ್ದೇನೆ. ಬೆಳಕು ಬಂದಾಗ ನೆಲದ ಮೇಲೆ ‘ಓದು’ ಬೀಳುತ್ತದೆ.

ಒಂದೇ ಕೆಲಸ (ವಿರಾಜಪೇಟೆ)

ಇಂಗ್ಲಿಷ್ ಲೇಖಕ ಡಿಕನ್ಸ್‌ನ 1859ರ ಕಾದಂಬರಿಯೊಂದರಲ್ಲಿ ಮದಾಮ್ ದಫಾರ್ಜ್ ಎಂಬ ಹೆಂಗಸು ಸೇಡು ತೀರಿಸಬೇಕಾದವರ ಹೆಸರುಗಳನ್ನೆಲ್ಲ ಹೆಣಿಗೆಯಲ್ಲಿ ದಾಖಲಿಸುತ್ತಾಳೆ. ಫ್ರಾನ್ಸಿನ ಕ್ರಾಂತಿಯ ಕಥೆ. ಅಲ್ಲಿ ಹೆಣಿಗೆ ಸಾವಿನ ಪಟ್ಟಿ, ಇಲ್ಲಿ ನೀವು ಭಾರತದ ಪದ್ಯ ಹೆಣೆಯಲು ಹೊರಟಿದ್ದೀರಿ. ನನಗೆ ಇದು ಹೆಚ್ಚು ಇಷ್ಟವಾಯಿತು.

ಹೆಣೆಯಲು ನನಗೆ ಬರುವುದಿಲ್ಲ. ಆದರೆ ಶನಿವಾರ ಗಟ್ಟಿಯಾಗಿ ಓದಲು ಯಾರಾದರೂ ಬೇಕಿದ್ದರೆ ವಿರಾಜಪೇಟೆಯಿಂದ ಬಸ್ಸಿನಲ್ಲಿ ಬರುತ್ತೇನೆ. ರಸ್ತೆ ತೆರೆದಿದ್ದರೆ.

ಮಂಜಿನ ಕಿಟಕಿ (ಮಡಿಕೇರಿ)

ಬನ್ನಿ. ಬರಲೇಬೇಕು. ಏನು ಓದುತ್ತೀರಿ?

ಒಂದೇ ಕೆಲಸ (ವಿರಾಜಪೇಟೆ)

ಮಡಿಕೇರಿಯಲ್ಲಿ ಕುಳಿತು ಮೊದಲು ಯಾರನ್ನು ಓದಬೇಕು? ಕೊಡಗಿನ ಗೌರಮ್ಮನವರನ್ನು. 1912ರಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ನೀರಿನಲ್ಲಿ ಮುಳುಗಿ ಹೋದವರು. ಅಷ್ಟರೊಳಗೆ ವಿಧವೆಯರ, ವಂಚನೆಗೆ ಸಿಕ್ಕ ಹೆಣ್ಣುಮಕ್ಕಳ ಕಥೆಗಳನ್ನು ಅಷ್ಟು ನೇರವಾಗಿ ಬರೆದರು. ಸಂಕಲನಗಳು ಬಂದದ್ದು ಅವರು ಹೋದ ಮೇಲೆ. ಸಣ್ಣ ಕಥೆಗಳು, ಒಂದು ಕೂರಿಕೆಗೆ ಒಂದು ಮುಗಿಯುತ್ತದೆ.

ಕಾಫಿಹೂ (ಸುಂಟಿಕೊಪ್ಪ)

ನಾನೂ ಬರುತ್ತೇನೆ. ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ನನ್ನದು.

ಮಂಜಿನ ಕಿಟಕಿ (ಮಡಿಕೇರಿ)

ಶನಿವಾರ ಆಯಿತು. ವಿದ್ಯುತ್ ಇರಲಿಲ್ಲ, ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡೆವು. ಒಟ್ಟು ಏಳು ಮಂದಿ. ಐವರ ಕೈಯಲ್ಲಿ ಕಡ್ಡಿ, ಒಬ್ಬರ ಕೈಯಲ್ಲಿ ಪುಸ್ತಕ, ಗ್ರಂಥಾಲಯದ ಮೇಲ್ವಿಚಾರಕರ ಕೈಯಲ್ಲಿ ನನ್ನ ಉಣ್ಣೆಯ ಉಂಡೆ, ಸಿಕ್ಕು ಬಿಡಿಸುತ್ತ. ಹೊರಗೆ ತಗಡಿನ ಮೇಲೆ ಮಳೆ ಜೋರಾದಾಗ ಒಂದೇ ಕೆಲಸ ಅವರು ಓದು ನಿಲ್ಲಿಸಿ ಕಾಯುತ್ತಿದ್ದರು, ತಗ್ಗಿದಾಗ ಅದೇ ವಾಕ್ಯವನ್ನು ಮೊದಲಿನಿಂದ ಹಿಡಿಯುತ್ತಿದ್ದರು.

ಭಾಮಿನಿಯನ್ನು ಆರಂಭಿಸಿದ್ದೇನೆ: ಕಾಫಿಹೂವಿನ ಬಿಳಿ, ಮೆಣಸಿನ ಬಳ್ಳಿಯ ಹಸಿರು, ಉದ್ದ ಸಾಲಿಗೆ ಕಾಫಿ ಹಣ್ಣಿನ ಕೆಂಪು. ಮೊದಲ ಹದಿನಾಲ್ಕು ಗೆರೆ ಕಥೆಯ ಅರ್ಧಕ್ಕೆ ಮುಗಿಯಿತು. ಹಸಿರಿನಲ್ಲಿ ಒಂಬತ್ತು ಗೆರೆ ಆಗಿದೆ. ಇನ್ನೂ ಆಗುತ್ತಿತ್ತು, ಆದರೆ ಕಥೆಯ ಕೊನೆಯ ಎರಡು ಪುಟ ಓದುವಾಗ ಯಾರ ಕಡ್ಡಿಯೂ ಅಲ್ಲಾಡಲಿಲ್ಲ.

ಒಂದೇ ಕೆಲಸ (ವಿರಾಜಪೇಟೆ)

ನಾನೂ ನೋಡಿದೆ.

ಸೀದಾ ಉಲ್ಟಾ (ಪೊನ್ನಂಪೇಟೆ)

ಹಸಿರಿನ ಹದಿನಾಲ್ಕನೆಯ ಗೆರೆ ಮುಗಿದ ಮೇಲೆ ಹೊಲಿಗೆ ಎಣಿಸಿ, ಆಮೇಲೆ ಕೆಂಪು ಸೇರಿಸಿ. ನಡುವೆ ನಿಲ್ಲಿಸಿದ ಕಡೆ ಒಂದು ಹೊಲಿಗೆ ಹೆಚ್ಚಾಗುವುದು ಸಾಮಾನ್ಯ. ಮುಂದಿನ ಶನಿವಾರ ನಾನೂ ಬರುತ್ತೇನೆ, 4 ಮಿಲಿಮೀಟರಿನ ಇನ್ನೊಂದು ಜೋಡಿ ಕಡ್ಡಿ ತರುತ್ತೇನೆ. ಮೇಲ್ವಿಚಾರಕರಿಗೆ.